ಪೇಪರ್‌ನಲ್ಲೇ ಬಂದದೆ ಕಣ್ಲಾ

2023ರ ಯುಗಾದಿಗೆ ಊರಿಗೆ ಹೋಗಿದ್ದೆ. ನಮ್ಮೂರು ಕಿರುಗಾವಲು. ಮೈಸೂರಿಂದ ಬನ್ನೂರು ದಾಟಿ ಮಳವಳ್ಳಿ ಕಡೆ ಹೊರಟರೆ ದಾರೀಲೇ ಸಿಗುತ್ತೆ. ಗೌಡರ ಮನೆಗಳೂ ಸಾಬರ ಮನೆಗಳೂ ಒಂದೇ ಕಾಲುವೆ ನೀರಿಗೆ ಜಗಳ ಆಡಿಕೊಂಡು, ಒಂದೇ ಸಂತೆಯಲ್ಲಿ ಕುರಿ ಮಾರಿಕೊಂಡು ಇರುವ ಊರು. ಆ ವರ್ಷ ಯುಗಾದಿ ಬುಧವಾರ ಬಿದ್ದಿತ್ತು, ಶುಕ್ರವಾರದಿಂದ ರಂಜಾನ್ ಉಪವಾಸ ಶುರು. ಹಿಂದೆಯಾಗಿದ್ದರೆ ಇಂಥ ವಾರ ಊರಲ್ಲಿ ಸಂಭ್ರಮ ಡಬಲ್ ಆಗಿರ್ತಿತ್ತು.

ಬೇವುಬೆಲ್ಲ ತಿಂದು ಜಗಲಿ ಮೇಲೆ ಕೂತಿದ್ದೆ. ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಫೋಟೋ ಬಂತು. ಒಂದು ಪತ್ರಿಕೆಯ ಅಭಿಪ್ರಾಯ ಪುಟದ ಕಟಿಂಗ್. ಟಿಪ್ಪುವನ್ನು ಕೊಂದವರು ಇಂಗ್ಲಿಷರಲ್ಲ, ನಮ್ಮ ಕಡೆಯ ಉರಿಗೌಡ, ನಂಜೇಗೌಡ ಎಂಬ ಇಬ್ಬರು ವೀರರು ಅಂತ ಅಂಕಣಕಾರರು ಖಡಾಖಂಡಿತವಾಗಿ ಬರೆದಿದ್ದರು. ಎರಡು ಸಲ ಓದಿದೆ. ವಿಶೇಷಣಗಳು ಧಾರಾಳವಾಗಿದ್ದವು. ಎಲ್ಲಿಂದ ತಿಳಿಯಿತು ಅನ್ನೋದಕ್ಕೆ ಒಂದು ಸಾಲೂ ಇರಲಿಲ್ಲ.

"ಇದಕ್ಕೆ ಆಧಾರ ಏನಪ್ಪ?" ಅಂತ ಅಪ್ಪನ್ನ ಕೇಳಿದೆ.

ಅಪ್ಪ ಕನ್ನಡಕ ಏರಿಸಿಕೊಂಡು ಫೋನ್ ನೋಡಿ, "ಪೇಪರ್‌ನಲ್ಲೇ ಬಂದದೆ ಕಣ್ಲಾ. ಸುಮ್ಸುಮ್ನೆ ಹಾಕ್ತಾರಾ?" ಅಂದರು.

ಅಪ್ಪ ಮೂರ್ಖರಲ್ಲ. ವಾಟ್ಸ್ಯಾಪ್‌ನಲ್ಲಿ ಬರೋದನ್ನೆಲ್ಲ ನಂಬೋರೂ ಅಲ್ಲ. "ಪೇಪರ್‌ನಲ್ಲಿ ಬಂದದಾ?" ಅಂತ ಕೇಳಿ, ಬಂದಿದ್ದರೆ ಮಾತ್ರ ನಂಬೋರು. ನಲವತ್ತು ವರ್ಷ ಅವರಿಗೆ ಆ ಜರಡಿ ಕೆಲಸ ಮಾಡಿತ್ತು. ಅವತ್ತು ತೂತು ಬಿದ್ದಿದ್ದು ಜರಡಿಯಲ್ಲೇ.

ಅಷ್ಟರಲ್ಲಿ ಈ ಕಥೆ ಬಹಳ ದೂರ ಬಂದಿತ್ತು. 2022ರ ನವೆಂಬರಿನಲ್ಲಿ ಮೈಸೂರಿನ ರಂಗಾಯಣದಲ್ಲಿ 'ಟಿಪ್ಪು ನಿಜ ಕನಸುಗಳು' ನಾಟಕ ಬಂತು, ಅದರಲ್ಲಿ ಈ ಇಬ್ಬರು ಪಾತ್ರಗಳಾಗಿದ್ದರು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಗೆ ಪ್ರಧಾನಿ ಮಂಡ್ಯಕ್ಕೆ ಬಂದಾಗ ಅವರ ಹೆಸರಿನ ಸ್ವಾಗತ ಕಮಾನು ಎದ್ದು, ವಿವಾದವಾಗಿ, ಹೆಸರು ಬದಲಾಯಿತು. ಆಮೇಲೆ ಸಿನಿಮಾ ಟೈಟಲ್ ನೋಂದಣಿ ಸುದ್ದಿ. ಮೇ 10ಕ್ಕೆ ವಿಧಾನಸಭೆ ಚುನಾವಣೆ. 'ಸುವರ್ಣ ಮಂಡ್ಯ' ಅನ್ನೋ ಗ್ರಂಥದಲ್ಲಿ ಈ ಹೆಸರುಗಳ ಪ್ರಸ್ತಾಪ ಇದೆ ಅಂತ ಕೆಲವರು ತೋರಿಸಿದರು. ಆದರೆ ಅದು ಇಪ್ಪತ್ತನೇ ಶತಮಾನದ ಕೊನೆಯಲ್ಲಿ ಬಂದ ಪುಸ್ತಕ. ಇನ್ನೂರು ವರ್ಷದ ಹಿಂದಿನ ಒಂದು ಸಾವಿಗೆ ಅದನ್ನ ಸಾಕ್ಷಿ ಅನ್ನೋಕಾಗಲ್ಲ.

ಆ ಸಾವಿನ ಬಗ್ಗೆ ಇರುವ ದಾಖಲೆಗಳೇನು ಕಮ್ಮಿಯಲ್ಲ. 1799ರ ಮಾರ್ಚ್ 27ರಂದು ಮಳವಳ್ಳಿ ಬಳಿ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಟಿಪ್ಪು ಸೈನ್ಯಕ್ಕೂ ಕದನವಾಯಿತು. ಮುಂದೆ ವೆಲ್ಲಿಂಗ್ಟನ್ ಅಂತ ಹೆಸರಾದ ಆರ್ಥರ್ ವೆಲ್ಲೆಸ್ಲಿ ಆ ಕದನದಲ್ಲಿದ್ದ. ಇಂಗ್ಲಿಷ್ ಸೈನ್ಯ ಸೋಸಲೆ ಹತ್ತಿರ ಕಾವೇರಿ ದಾಟಿತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಅವತ್ತು ರಾತ್ರಿ ಕೋಟೆ ಬಾಗಿಲೊಂದರ ಬಳಿ ಹೆಣಗಳ ರಾಶಿಯಲ್ಲಿ ಟಿಪ್ಪು ದೇಹ ಸಿಕ್ಕಿತು. ಗೆದ್ದವರೇ ಮರುವರ್ಷದಿಂದ ಇದನ್ನೆಲ್ಲ ಬರೆದು ಅಚ್ಚು ಹಾಕಿಸಿದರು. ಗುಂಡು ಹೊಡೆದ ಸಿಪಾಯಿಯ ಹೆಸರು ಅವರಿಗೂ ಗೊತ್ತಾಗಲಿಲ್ಲ. ಟಿಪ್ಪುವನ್ನು ಯಾರು ಹೇಗೆ ಬೇಕಾದರೂ ಅಳೆಯಲಿ. ಕೊಡಗಿನವರ ಅಳತೆ ಬೇರೆ, ಮೇಲುಕೋಟೆಯವರದ್ದು ಬೇರೆ, ನಮ್ಮೂರಿನದ್ದು ಬೇರೆ. ಅದು ಅಭಿಪ್ರಾಯ. ಅವನನ್ನು ಯಾರು ಕೊಂದರು ಅನ್ನೋದು ಅಭಿಪ್ರಾಯ ಅಲ್ಲ.

ನಮ್ಮೂರಿಗೆ ಇದು ಪುಸ್ತಕದ ವಿಷಯವೂ ಅಲ್ಲ. ಹೈದರ್ ಮಳವಳ್ಳಿಯನ್ನು ಮಗನಿಗೆ ಜಹಗೀರಿ ಕೊಟ್ಟಿದ್ದ, ಅಲ್ಲಿ ದೊಡ್ಡ ಹಣ್ಣಿನ ತೋಟ ಇತ್ತು ಅಂತ 1800ರಲ್ಲಿ ಈ ಕಡೆ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ಬರೆದಿದ್ದಾನೆ. ಕಿರುಗಾವಲಿನಲ್ಲಿ ಬಡಾ ಬಾಗ್ ಅನ್ನೋ ಹಳೇ ಮಾವಿನ ತೋಪಿದೆ. ಅದೂ ಟಿಪ್ಪು ಕಾಲದ್ದು ಅಂತ ಊರಿನ ನಂಬಿಕೆ. ನೂರಾರು ಭತ್ತದ ತಳಿ ಉಳಿಸಿ ಹೆಸರು ಮಾಡಿರುವ ರೈತ ಸೈಯದ್ ಘನಿ ಖಾನ್ ಅವರ ತೋಟ ಅದು. ಆ ತೋಪಿನ ಹಣ್ಣು ತಿಂದು ಬೆಳೆದವರು ನಾವೆಲ್ಲ. ಈಗ ಒಂದು ಅಂಕಣ ಬಂದು, ಊರಿನ ಅರ್ಧ ಜನ ಕೊಂದವರ ಕಡೆಯವರು, ಇನ್ನರ್ಧ ಜನ ಸತ್ತವನ ಕಡೆಯವರು ಅಂತ ಪಾಲು ಮಾಡಿಬಿಟ್ಟಿತ್ತು.

ಇದನ್ನ ಬರೆಯೋಕೆ ಮುಖ್ಯ ಕಾರಣ ಇನ್ನೊಂದಿದೆ. ನನಗೆ ಅಂಕಣ ಓದೋದನ್ನ ಕಲಿಸಿದ್ದು ಸಾಬರ ಹೋಟೆಲಿನ ಬೆಂಚು.

ತೊಂಬತ್ತರ ದಶಕದ ಮಾತು. ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಟೀ ಹೋಟೆಲಿತ್ತು. ಬೆಳಿಗ್ಗೆ ಬಸ್ಸಿನ ಮೇಲಿಂದ ಪೇಪರ್ ಬಂಡಲ್ ಬೀಳೋದು. ರಿಟೈರ್ ಆದ ಮೇಷ್ಟ್ರೊಬ್ಬರು ಅದನ್ನ ಬಿಡಿಸಿ ಜೋರಾಗಿ ಓದೋರು. ಮನೆಮಾತು ದಖ್ಖನಿ, ಆದರೆ ಅವರು ಓದೋ ಕನ್ನಡ ಕೇಳಿದರೆ ಆಕಾಶವಾಣಿಯೇ ಅನ್ನಿಸ್ತಿತ್ತು. ನಮ್ಮ ತಾತನಿಗೆ ಓದು ಬರ್ತಿರಲಿಲ್ಲ. ತಾತನ ಜೊತೆ ನಾನೂ ಹೋಗಿ ಬನ್ ತಿಂತಾ ಕೂರ್ತಿದ್ದೆ. ಸುದ್ದಿ ಮುಗಿದ ಮೇಲೆ ಮೇಷ್ಟ್ರು ನಡುಪುಟಕ್ಕೆ ಬರೋರು. ಅಂಕಣ ಓದೋಕೆ ಮುಂಚೆ ಪ್ರತಿಸಲ ಒಂದೇ ಮಾತು: "ಇದು ಸುದ್ದಿಯಲ್ಲ, ಇವರ ಮಾತು. ಒಪ್ಪಬೋದು, ಬಿಡಬೋದು." ಓದಿ ಮುಗಿಸಿ, ಪೇಪರ್ ಮಡಚಿ, "ಹೇಳಿ ಗೌಡ್ರೆ, ಇವ್ರು ಹೇಳಿದ್ದು ಸರಿಯಾ?" ಅನ್ನೋರು. ಕಬ್ಬಿನ ಬೆಲೆ, ಕಾವೇರಿ ನೀರು, ಮಂಡಲ್ ವರದಿ ಎಲ್ಲ ಆ ಬೆಂಚಿನ ಮೇಲೆ ತೀರ್ಮಾನ ಆಗ್ತಿತ್ತು. ಜಗಳವೂ ಆಗ್ತಿತ್ತು. ಮಾರನೇ ದಿನ ವಾಚಕರ ಪತ್ರಗಳಲ್ಲಿ ಯಾರೋ ಊರಿನ ಯಾರೋ ಅದೇ ಅಂಕಣದ ತಪ್ಪು ಹಿಡಿದಿದ್ದರೆ ಮೇಷ್ಟ್ರಿಗೆ ಖುಷಿಯೋ ಖುಷಿ. "ನೋಡ್ರಪ್ಪ, ದೊಡ್ಡೋರು ಬರ್ದ್ರೂ ಕೇಳೋರಿದ್ದಾರೆ."

ಆ ಅಂಕಣಗಳು ನಿಜಕ್ಕೂ ಚೆನ್ನಾಗಿದ್ದವಾ, ಅಥವಾ ಬನ್ ಚೆನ್ನಾಗಿತ್ತಾ? ನಮ್ಮ ಬಾಲ್ಯದಲ್ಲಿ ಎಲ್ಲವೂ ಚೆನ್ನಾಗಿತ್ತು ಅನ್ನೋದು ಎಲ್ಲ ತಲೆಮಾರಿನ ಕಾಯಿಲೆ. ಇಂಜಿನಿಯರ್ ಬುದ್ಧಿ ನೋಡಿ, ಪರೀಕ್ಷೆ ಮಾಡದೆ ನೆಮ್ಮದಿ ಇಲ್ಲ. ಹಬ್ಬ ಮುಗಿಸಿ ಬೆಂಗಳೂರಿಗೆ ವಾಪಸ್ ಬಂದಮೇಲೆ ಕನ್ನಡ ಪತ್ರಿಕೆಗಳ ಇತಿಹಾಸ ಹುಡುಕಿ ಓದೋಕೆ ಶುರು ಮಾಡಿದೆ. ಕೈಯಲ್ಲಿ ಇದ್ದಿದ್ದು ಒಂದೇ ಪ್ರಶ್ನೆ: ಅಭಿಪ್ರಾಯ ಬರೆಯೋಕೆ ಹಿಂದಿನವರು ಏನು ಬೆಲೆ ಕೊಡ್ತಿದ್ದರು?

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂತು. ಅದಕ್ಕೇ ಜುಲೈ 1 ನಮ್ಮ ಪತ್ರಿಕಾ ದಿನ. ಹೊರಡಿಸಿದವನು ಜರ್ಮನಿಯ ಪಾದ್ರಿ ಹರ್ಮನ್ ಮೊಗ್ಲಿಂಗ್. ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಅವನಿಗೆ ಅವನದ್ದೇ ಧರ್ಮಪ್ರಚಾರದ ಉದ್ದೇಶ ಇತ್ತು, ಅದೇನು ಗುಟ್ಟಲ್ಲ. ಆದರೂ ಊರಿನ ಸುದ್ದಿ, ಕಾನೂನು, ದೂರದೇಶದ ಸಮಾಚಾರ, ಕಥೆ ಅಂತ ವಿಂಗಡಿಸಿ ಕೊಟ್ಟ. ಸುದ್ದಿ ಯಾವುದು, ಬೋಧನೆ ಯಾವುದು ಅಂತ ಓದುಗನಿಗೆ ತಿಳೀಬೇಕು ಅನ್ನೋ ಎಚ್ಚರ ಮೊದಲ ದಿನದಿಂದಲೂ ಇತ್ತು ಅಂತ ನನಗನ್ನಿಸಿತು.

ಅಭಿಪ್ರಾಯದ ಬೆಲೆ ನಿಜವಾಗಿ ಕಾಣೋದು 1908ರಲ್ಲಿ. ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ ಮೈಸೂರು ಸಂಸ್ಥಾನ ಪತ್ರಿಕಾ ಕಾನೂನು ತಂತು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ನಡೆಸೋ ಹಾಗಿಲ್ಲ, ಕೊಟ್ಟ ಅನುಮತಿಯನ್ನ ಸರ್ಕಾರ ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದು. ಮೈಸೂರು, ಬೆಂಗಳೂರಿನ ಹಲವು ಪತ್ರಿಕೆಗಳು ನಿಂತುಹೋದವು. ನಿಂತವುಗಳಲ್ಲಿ ಎಂ. ವೆಂಕಟಕೃಷ್ಣಯ್ಯನವರ ಪತ್ರಿಕೆಗಳೂ ಇದ್ದವು. ಮೈಸೂರಿನವರು ತಾತಯ್ಯ ಅಂತ ಕರೆದು ಪ್ರತಿಮೆ ನಿಲ್ಲಿಸಿರೋದು ಅವರಿಗೇ. ನಾನು ಎಷ್ಟೋ ಸಲ ಆ ಪ್ರತಿಮೆ ಮುಂದೆ ಬಸ್ಸಿನಲ್ಲಿ ಹೋಗಿದ್ದೇನೆ, ಯಾರು ಅಂತ ಗೊತ್ತಿರಲಿಲ್ಲ. ಅಂಥವರಿಗೆ ಒಂದು ಸಂಪಾದಕೀಯ ಅಂದರೆ ನಾಳೆ ಪತ್ರಿಕೆ ಇರುತ್ತೋ ಇಲ್ಲವೋ ಅನ್ನೋ ಪ್ರಶ್ನೆಯೇ ಆಗಿತ್ತು.

ಆ ಕಾನೂನಿನ ಕಾಲದಲ್ಲೇ ಪತ್ರಿಕೆಗೆ ಬಂದವರು ಡಿ.ವಿ. ಗುಂಡಪ್ಪ. ನಮಗೆ ಡಿವಿಜಿ ಅಂದರೆ ಕಗ್ಗ. ಪೋಸ್ಟರ್ ಮೇಲೆ, ಮಗ್ ಮೇಲೆ, ಆಫೀಸ್ ಪ್ರೆಸೆಂಟೇಶನ್ನಿನ ಕೊನೇ ಸ್ಲೈಡ್ ಮೇಲೆ. ಆದರೆ ಅವರು ಹೊಟ್ಟೆಪಾಡಿಗೆ ಮಾಡಿದ್ದು ಪತ್ರಿಕೋದ್ಯಮ. ಇಪ್ಪತ್ತರ ವಯಸ್ಸಿನಲ್ಲಿ 'ಭಾರತಿ' ನಡೆಸಿದರು, 1913ರಲ್ಲಿ ಇಂಗ್ಲಿಷಿನಲ್ಲಿ 'ಕರ್ನಾಟಕ' ಶುರುಮಾಡಿದರು, 1928ರಲ್ಲಿ 'ವೃತ್ತಪತ್ರಿಕೆ' ಅಂತ ಪುಸ್ತಕವನ್ನೇ ಬರೆದರು. ಸರ್ಕಾರದ ಕೆಲಸಗಳಿಗೆ ಬಂದ ಚೆಕ್ಕುಗಳನ್ನ ಅವರು ನಗದು ಮಾಡಿಸಿಕೊಳ್ಳದೆ ಪೆಟ್ಟಿಗೆಯಲ್ಲಿಟ್ಟಿದ್ದರು ಅನ್ನೋ ಕಥೆ ಜನಜನಿತ. ಕಥೆಯ ಮಾತು ಬಿಡಿ, ದಾಖಲಾಗಿರುವ ಸಂಗತಿಯೇ ಸಾಕು: 1970ರಲ್ಲಿ ಸನ್ಮಾನ ಮಾಡಿ ಕೊಟ್ಟ ಒಂದು ಲಕ್ಷ ರೂಪಾಯಿಯನ್ನ ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಸರ್ಕಾರದ ಬಗ್ಗೆ ಅಭಿಪ್ರಾಯ ಬರೆಯುವವನು ಸರ್ಕಾರದ ಋಣದಲ್ಲಿರಬಾರದು ಅನ್ನೋದು ಆಗ ಬರೀ ಆದರ್ಶದ ಮಾತಾಗಿರಲಿಲ್ಲ, ಮನೆಖರ್ಚಿನ ಲೆಕ್ಕವೂ ಆಗಿತ್ತು.

ನಮ್ಮ ಜಿಲ್ಲೆಯದ್ದೂ ಒಂದು ಹೆಸರಿದೆ. ಮದ್ದೂರಿನ ಎಚ್.ಕೆ. ವೀರಣ್ಣಗೌಡರು. 1938ರ ಏಪ್ರಿಲಿನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಮುಂದೆ ನಿಂತವರಲ್ಲಿ ಒಬ್ಬರು. 'ಚಿತ್ರಗುಪ್ತ' ಅನ್ನೋ ವಾರಪತ್ರಿಕೆ ನಡೆಸಿದವರು. ಎಲ್ಲರ ಪಾಪಪುಣ್ಯದ ಲೆಕ್ಕ ಬರೆಯೋ ಚಿತ್ರಗುಪ್ತನ ಹೆಸರು ಒಂದು ಪತ್ರಿಕೆಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ ಅಲ್ವಾ? ಲೆಕ್ಕ ಬರೆಯೋನು ಮೊದಲು ನೋಡಿರಬೇಕು, ಆಮೇಲೆ ಬರೀಬೇಕು.

ಸ್ವಾತಂತ್ರ್ಯ ಬಂದಮೇಲೆ ಬೆಲೆ ಬೇರೆ ರೂಪ ತಗೊಂಡಿತು. 1948ರಲ್ಲಿ ಶುರುವಾದ 'ಪ್ರಜಾವಾಣಿ'ಯಲ್ಲಿ ಟಿ.ಎಸ್. ರಾಮಚಂದ್ರರಾವ್ 'ಛೂಬಾಣ' ಬರೀತಿದ್ದರು. ಕೆಲವೇ ಸಾಲು. ವಿಧಾನಸೌಧದಲ್ಲಿ ಕೂತವರು ಬೆಳಿಗ್ಗೆ ಎದ್ದು ಮೊದಲು ಅದನ್ನ ನೋಡ್ತಿದ್ದರು ಅಂತ ಹಳಬರು ಹೇಳ್ತಾರೆ. ಕೆಲವೇ ಸಾಲಿನಲ್ಲಿ ಹೊಡೆತ ಬೀಳಬೇಕು ಅಂದರೆ ಆ ದಿನದ ಎಲ್ಲ ಸುದ್ದಿ ಅರಗಿಸಿಕೊಂಡಿರಬೇಕು. ಹುಬ್ಬಳ್ಳಿಯ 'ಕಸ್ತೂರಿ'ಯಲ್ಲಿ ಪಾ.ವೆಂ. ಆಚಾರ್ಯರು 'ಪದಾರ್ಥ ಚಿಂತಾಮಣಿ' ಬರೆದರು. ಒಂದೊಂದು ಶಬ್ದದ ಹುಟ್ಟು ಹುಡುಕಿ ಕೊಡೋ ಅಂಕಣ ಅದು. ಅವರೇ 'ಲಾಂಗೂಲಾಚಾರ್ಯ' ಅನ್ನೋ ಹೆಸರಲ್ಲಿ ನಗಿಸಿದರು ಕೂಡ. 1989ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಹಾ.ಮಾ. ನಾಯಕರ 'ಸಂಪ್ರತಿ'ಗೆ ಬಂತು. ಕಾದಂಬರಿ ಅಲ್ಲ, ಕವನ ಅಲ್ಲ. ಪತ್ರಿಕೆಗೆ ಬರೆದ ಅಂಕಣಗಳ ಸಂಗ್ರಹ.

ನನಗೆ ಅತ್ಯಂತ ಇಷ್ಟವಾಗಿದ್ದು ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ'. 1991ರಲ್ಲಿ 'ಪ್ರಜಾವಾಣಿ'ಯಲ್ಲಿ ಶುರುವಾಗಿ ವರ್ಷಗಟ್ಟಲೆ ನಡೀತು. ಎಲ್ಲೋ ಒಂದು ಊರಿನ ಓದುಗ ಕಾರ್ಡ್ ಬರೆದು ಈ ಪದದ ಅರ್ಥವೇನು, ಯಾವ ರೂಪ ಸರಿ ಅಂತ ಕೇಳೋನು. ಕನ್ನಡದ ದೊಡ್ಡ ನಿಘಂಟು ಕಟ್ಟಿದ ವ್ಯಕ್ತಿ ಕೂತು ಉತ್ತರ ಬರೆಯೋರು. ಆಧಾರ ಕೊಡೋರು. ಆ ಅಂಕಣದ ಧಣಿ ಓದುಗ. ಪ್ರಶ್ನೆ ಅವನದ್ದು, ಬರೆಯೋರು ಉತ್ತರಿಸೋಕೆ ಬಾಧ್ಯರು. ನಮ್ಮ ಮೇಷ್ಟ್ರು ಕೂಡ ಒಂದು ಕಾರ್ಡ್ ಹಾಕಿದ್ದರಂತೆ. ಯಾವ ಪದ ಅಂತ ಕೇಳಿದರೆ ಇವತ್ತಿಗೂ ಹೇಳಲ್ಲ, ನಗ್ತಾರೆ.

ಇಷ್ಟು ಓದಿಕೊಂಡ ಮೇಲೆ ಹಿಂದಿನದೆಲ್ಲ ಬಂಗಾರ ಅಂತ ಬರೆದು ಮುಗಿಸಬಹುದಿತ್ತು. ಆದರೆ ಮೇಲಿನ ಪಟ್ಟಿ ಇನ್ನೊಮ್ಮೆ ನೋಡಿ. ಒಬ್ಬ ಹೆಂಗಸೂ ಇಲ್ಲ. ನಮ್ಮ ಮೇಷ್ಟ್ರ ಸಮುದಾಯದವರು ಇಲ್ಲ. ದಲಿತರು ಇಲ್ಲ. ಬಹುಪಾಲು ಒಂದೇ ರೀತಿಯ ಮನೆಗಳಿಂದ ಬಂದವರು. ಅವರು ಚೆನ್ನಾಗಿ ಬರೆದರು, ನಿಜ. ಅವರೇ ಯಾಕೆ ಬರೆದರು ಅನ್ನೋ ಪ್ರಶ್ನೆಯೂ ನಿಜ. ಹಳೇ ನಡುಪುಟಕ್ಕೆ ಗುಣಮಟ್ಟದ ಬಾಗಿಲಿತ್ತು, ಆದರೆ ಅದಕ್ಕೆ ಬೇರೆ ಬೀಗಗಳೂ ಇದ್ದವು.

ಆ ಬೀಗಗಳಲ್ಲಿ ಕೆಲವನ್ನ ಒಡೆದದ್ದು ಪಿ. ಲಂಕೇಶ್. ದಿನಪತ್ರಿಕೆಗೆ ಅಂಕಣ ಬರೆಯುತ್ತಿದ್ದವರು 1980ರಲ್ಲಿ ತಮ್ಮದೇ ವಾರಪತ್ರಿಕೆ ಶುರುಮಾಡಿದರು. ಜಾಹೀರಾತು ತಗೊಳ್ಳಲಿಲ್ಲ, ಓದುಗರ ಕಾಸಿನಲ್ಲೇ ನಡೀಬೇಕು. ಆ ಪತ್ರಿಕೆಯಲ್ಲೇ ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂತು. ಹಾಸನದ ಬಾನು ಮುಷ್ತಾಕ್ ವರದಿ ಬರೆದರು. 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಸ್ಟೇಟಸ್ ಹಾಕಿದೆವಲ್ಲ, ಅದೇ ಬಾನು ಮುಷ್ತಾಕ್. ತೇಜಸ್ವಿಯವರ 'ಪರಿಸರದ ಕತೆ'ಯೂ ಅಲ್ಲಿಯೇ ಅಂಕಣವಾಗಿ ಮೂಡಿದ್ದು. ಆ ಪತ್ರಿಕೆ ತಪ್ಪು ಮಾಡಲಿಲ್ಲ ಅಂತಲ್ಲ. ವೈಯಕ್ತಿಕ ದಾಳಿಗಳೂ ಇದ್ದವು, ಕೋರ್ಟು ಕೇಸುಗಳೂ ಇದ್ದವು. ಆದರೆ ಕೋರ್ಟಿಗೆ ಹೋಗಿ ನಿಲ್ಲೋದೂ ಒಂದು ಬೆಲೆಯೇ.

ಹಾಗಾಗಿ ನನಗೆ ಸಿಕ್ಕ ಉತ್ತರ ಇಷ್ಟು. ಹಿಂದಿನವರು ನಮಗಿಂತ ಬುದ್ಧಿವಂತರು, ಭಾಷೆ ಚೆನ್ನಾಗಿತ್ತು ಅನ್ನೋದಲ್ಲ. ಅವರಿಗೆ ಅಭಿಪ್ರಾಯ ದುಬಾರಿಯಾಗಿತ್ತು. ಬರೆಯೋ ಮುಂಚೆ ಓದಿನ ಖರ್ಚು, ಓಡಾಟದ ಖರ್ಚು. ಬರೆದ ಮೇಲೆ ಸರ್ಕಾರದ ಭಯ, ಕೋರ್ಟು, ಇಲ್ಲಾ ಮಾರನೇ ದಿನ ವಾಚಕರ ಪತ್ರದಲ್ಲಿ ಮಾನ ಹೋಗೋ ಭಯ. ಇಷ್ಟು ಖರ್ಚು ಮಾಡಿ ಹೇಳೋದಾದರೆ ಮನುಷ್ಯ ಯೋಚನೆ ಮಾಡಿಯೇ ಹೇಳ್ತಾನೆ.

2006ರಲ್ಲಿ ಈ ವ್ಯವಸ್ಥೆಯ ಬಹುಶಃ ಕೊನೇ ದೊಡ್ಡ ದೃಶ್ಯವನ್ನ ನಾನೇ ನೋಡಿದೆ. ಆಗ ನನಗೆ ಹದಿನೇಳು, ಮೈಸೂರಿನಲ್ಲಿ ಸೆಕೆಂಡ್ ಪಿಯುಸಿ. ಉನ್ನತ ಶಿಕ್ಷಣ ಸಚಿವರಾಗಿದ್ದ ಡಿ.ಎಚ್. ಶಂಕರಮೂರ್ತಿ ಟಿಪ್ಪು ಕನ್ನಡ ವಿರೋಧಿ ಅಂದರು. ಪಾರ್ಸಿಯನ್ನ ಆಡಳಿತಕ್ಕೆ ತಂದ ಅನ್ನೋದು ವಾದ. 'ವಿಜಯ ಕರ್ನಾಟಕ'ದಲ್ಲಿ ವಾರಗಟ್ಟಲೆ ಚರ್ಚೆ ನಡೀತು. ಒಂದು ಕಡೆ ಗಿರೀಶ ಕಾರ್ನಾಡ್, ಇನ್ನೊಂದು ಕಡೆ ಎಸ್.ಎಲ್. ಭೈರಪ್ಪ. ನಡುವೆ ಓದುಗರ ಪತ್ರಗಳ ಮಳೆ. ಹಾಸ್ಟೆಲಿನಲ್ಲಿ ಪೇಪರಿಗೆ ಕ್ಯೂ. ಊರಿಗೆ ಹೋದರೆ ಬೆಂಚಿನ ಮೇಲೂ ಅದೇ. ಮೇಷ್ಟ್ರು ಇಬ್ಬರದ್ದನ್ನೂ ಪೂರ್ತಿ ಓದಿದರು. ಭೈರಪ್ಪನವರ ವಾದ ಅವರಿಗೆ ನೋವು ಕೊಟ್ಟಿತ್ತು, ಅದು ಮುಖದಲ್ಲಿ ಕಾಣ್ತಿತ್ತು. ಆದರೂ ಒಂದು ಸಾಲೂ ಬಿಡದೆ ಓದಿದರು. ಮಡಚಿಟ್ಟು ಹೇಳಿದ್ದು ನೆನಪಿದೆ: "ಇವ್ರು ಪುಸ್ತಕದ ಹೆಸರು ಕೊಟ್ಟವ್ರೆ. ನಾವು ಹೋಗಿ ಅದನ್ನ ಓದಬೋದು. ಓದಿ ಇಲ್ಲ ಅನ್ನಬೋದು."

"ಓದಿ ಇಲ್ಲ ಅನ್ನಬೋದು." ಅಭಿಪ್ರಾಯ ಪುಟ ಇರೋದೇ ಇದಕ್ಕೆ ಅಂತ ನನಗೆ ಈಗ ಅನ್ನಿಸುತ್ತೆ. ಆ ಚರ್ಚೆಯಲ್ಲಿ ಕಹಿ ಇರಲಿಲ್ಲ ಅಂತಲ್ಲ, ಬೇಕಾದಷ್ಟಿತ್ತು. ಆದರೆ ನನಗೆ ವಿರುದ್ಧವಾಗಿ ಬರೆದವರು ಕೂಡ ನನ್ನ ಕೈಗೆ ಒಂದು ಹಿಡಿ ಕೊಟ್ಟಿದ್ದರು. ಅದನ್ನ ಹಿಡಿದು ನಾನು ವಾಪಸ್ ವಾದ ಮಾಡಬಹುದಿತ್ತು.

ಹದಿನೇಳು ವರ್ಷ ಆದಮೇಲೆ ಅದೇ ಟಿಪ್ಪು, ಅದೇ ಊರು. ಕೈಗೆ ಬಂದ ಕಟಿಂಗಿನಲ್ಲಿ ಹಿಡಿಯೇ ಇರಲಿಲ್ಲ.

ನಡುವೆ ಏನಾಯ್ತು? ಒಂದೇ ಕಾರಣ ಅಂತ ಇಲ್ಲ. 1999ರ ನಂತರ ಪತ್ರಿಕೆಗಳ ದರಸಮರ ಶುರುವಾಯಿತು. ಓದುಗನಿಗೆ ಪೇಪರ್ ಅಗ್ಗ ಆಯ್ತು, ಪತ್ರಿಕೆಗೆ ಓದುಗನಿಗಿಂತ ಜಾಹೀರಾತುದಾರ ಮುಖ್ಯನಾದ. 2006ರ ಕೊನೆಗೆ ಕನ್ನಡದಲ್ಲಿ ಇಪ್ಪತ್ನಾಲ್ಕು ಗಂಟೆ ಸುದ್ದಿ ಚಾನೆಲ್ ಬಂತು. ರಾತ್ರಿ ಟೀವಿಯಲ್ಲಿ ಕೂಗಿದ್ದನ್ನೇ ಬೆಳಿಗ್ಗೆ ನಡುಪುಟದಲ್ಲಿ ಬರೆದರೆ ಓದೋರು ಸಿಕ್ತಾರೆ ಅಂತ ಎಲ್ಲರಿಗೂ ಗೊತ್ತಾಯ್ತು. ಆಮೇಲೆ ಮೊಬೈಲ್. ಈಗ ಅಂಕಣವನ್ನ ಪೇಪರಿನಲ್ಲಿ ಓದೋರಿಗಿಂತ ಫೋಟೋದಲ್ಲಿ ಓದೋರು ಜಾಸ್ತಿ. ಮಾರನೇ ದಿನ ಯಾರಾದರೂ ತಿದ್ದಿದರೆ ಆ ತಿದ್ದುಪಡಿ ಫೋಟೋದ ಹಿಂದೆ ಓಡಿಬರಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಕೆಲಸ ಮಾಡಿದೆ. ಮನೆಗೆ ಬರೋ ಪತ್ರಿಕೆಗಳ ಅಭಿಪ್ರಾಯ ಪುಟ ಇಟ್ಟುಕೊಂಡು, ಪೆನ್ನು ಹಿಡಿದು ಕೂತೆ. ಪ್ರತಿ ಅಂಕಣಕ್ಕೂ ಮೂರು ಪ್ರಶ್ನೆ. ಬರೆದವರು ಎಲ್ಲಿಗಾದರೂ ಹೋಗಿದ್ದರಾ? ಯಾರನ್ನಾದರೂ ಕೇಳಿದ್ದರಾ? ಏನನ್ನಾದರೂ ಓದಿದ್ದರಾ? ಮೂರಕ್ಕೂ 'ಇಲ್ಲ' ಅಂತ ಬರೆದೂ ಬರೆದೂ ಬೇಜಾರಾಯ್ತು. ಮಾದರಿ ನಿಮಗೂ ಗೊತ್ತು. ಮೊದಲು ಇಂಟರ್ನೆಟ್ಟಿನಲ್ಲಿ ಸಿಕ್ಕ ಒಬ್ಬ ದೊಡ್ಡ ವ್ಯಕ್ತಿಯ ಹೇಳಿಕೆ, ಅವರು ಹಾಗೆ ಹೇಳೇ ಇರಲ್ಲ. ಆಮೇಲೆ 'ಇಂದಿನ ದಿನಮಾನಗಳಲ್ಲಿ' ಅಂತ ಶುರು. ನಡುವೆ ಎದುರಾಳಿಗಳಿಗೆ ಒಂದು ಅಡ್ಡಹೆಸರು. ಕೊನೆಗೆ 'ನಾವೆಲ್ಲರೂ ಗಂಭೀರವಾಗಿ ಯೋಚಿಸಬೇಕಾದ ಕಾಲ ಬಂದಿದೆ'. ಯೋಚಿಸೋ ಕೆಲಸವನ್ನ ನಮಗೇ ಬಿಟ್ಟು ಅಂಕಣಕಾರರು ಮನೆಗೆ ಹೋಗಿರ್ತಾರೆ. ಎಡದವರು, ಬಲದವರು ಅನ್ನೋ ಭೇದ ಇಲ್ಲ, ಇದರಲ್ಲಿ ಮಾತ್ರ ಸಂಪೂರ್ಣ ಸೌಹಾರ್ದ. ನಾಗೇಶ ಹೆಗಡೆಯವರ ಹಾಗೆ ದಶಕಗಟ್ಟಲೆ ವಿಜ್ಞಾನವನ್ನ ಓದಿ, ಅರಗಿಸಿ, ತಿಳಿಯಾದ ಕನ್ನಡದಲ್ಲಿ ಕೊಟ್ಟವರನ್ನ ಓದಿದಾಗ ಮಾತ್ರ ಪೆನ್ನು ಕೆಳಗಿಡಬೇಕು ಅನ್ನಿಸುತ್ತೆ. ಹಾಗಾಗಿ ಇದು ಅಸಾಧ್ಯ ಅಂತ ಯಾರೂ ಹೇಳೋ ಹಾಗಿಲ್ಲ.

ನಮ್ಮ ಕೆಲಸದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರೂ ಇನ್ನೊಬ್ಬರು ನೋಡಿ ಒಪ್ಪಿಗೆ ಕೊಡದೆ ಮುಂದೆ ಹೋಗಲ್ಲ. ಬಟನ್ ಬಣ್ಣ ಬದಲಾಯಿಸೋಕೂ ರಿವ್ಯೂ. "ಇದನ್ನ ಎಲ್ಲಿ ಟೆಸ್ಟ್ ಮಾಡಿದೆ?" ಅಂತ ನಿನ್ನೆ ಸೇರಿದ ಹುಡುಗಿ ಕೂಡ ನನ್ನನ್ನ ಕೇಳಬಹುದು, ನಾನು ಉತ್ತರ ಕೊಡಲೇಬೇಕು. ಲಕ್ಷಾಂತರ ಜನ ಓದೋ, ಒಂದು ಊರನ್ನ ಎರಡು ಮಾಡಬಲ್ಲ ಸಾಲಿಗೆ "ಇದು ಎಲ್ಲಿಂದ ಬಂತು ಸಾರ್?" ಅಂತ ಡೆಸ್ಕಿನಲ್ಲಿ ಯಾರೂ ಕೇಳಲಿಲ್ಲ ಅನ್ನೋದು ನನಗೆ ಇವತ್ತಿಗೂ ನಂಬೋಕಾಗಲ್ಲ.

ನಾನು ಕೇಳಿದೆ. ಯುಗಾದಿ ಮಾರನೇ ದಿನ, ಹೊಸತೊಡಕಿನ ಊಟ ಮಾಡಿ, ಆ ಪತ್ರಿಕೆಗೆ ಪತ್ರ ಬರೆದೆ. ಬೈಗುಳ ಇಲ್ಲ, ಸಿದ್ಧಾಂತ ಇಲ್ಲ. ಮೂರೇ ಸಾಲು. ಈ ಮಾಹಿತಿಯ ಮೂಲ ಯಾವುದು, ದಯವಿಟ್ಟು ತಿಳಿಸಿ, ನಾನು ಅದೇ ಸೀಮೆಯವನು. ಉತ್ತರ ಬರಲಿಲ್ಲ. ಇನ್ನೊಂದು ಬರೆದೆ. ಅದೂ ಅಚ್ಚಾಗಲಿಲ್ಲ.

ಅಷ್ಟರಲ್ಲಿ ಆಧಾರ ಕೇಳೋ ಕೆಲಸ ಬೇರೆ ಕಡೆ ನಡೆದುಹೋಗಿತ್ತು. ಸಿನಿಮಾ ಟೈಟಲ್ ನೋಂದಣಿ ಮಾಡಿಸಿದ್ದ ಮುನಿರತ್ನ ಅವರನ್ನ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಮಾರ್ಚ್ 20ರಂದು ಕರೆಸಿ ಮಾತಾಡಿದರು. ಸರಿಯಾದ ಐತಿಹಾಸಿಕ ದಾಖಲೆ ಇಲ್ಲದೆ ಗೊಂದಲ ಹುಟ್ಟಿಸೋದು ಬೇಡ ಅನ್ನೋದು ಅವರ ಮಾತಿನ ಸಾರ. ಸಿನಿಮಾ ನಿಂತಿತು. ನನಗೆ ಸಮಾಧಾನವೂ ಆಯ್ತು, ಸಂಕಟವೂ ಆಯ್ತು. ಶಾಸನ ಎಲ್ಲಿ, ದಾಖಲೆ ಎಲ್ಲಿ ಅಂತ ಕೇಳಬೇಕಾಗಿದ್ದು ಸಂಪಾದಕರು. ಆ ಕೆಲಸವನ್ನ ಒಂದು ಮಠ ಮಾಡಬೇಕಾಗಿ ಬಂತು. ಎಲ್ಲ ಸಲವೂ ಒಬ್ಬ ಸ್ವಾಮೀಜಿ ಸಿಗ್ತಾರೆ ಅನ್ನೋ ಗ್ಯಾರಂಟಿ ಏನು?

ಬೆಂಗಳೂರಿಗೆ ಹೊರಡೋ ಮುಂಚೆ ಮೇಷ್ಟ್ರ ಮನೆಗೆ ಹೋದೆ. ಹೋಟೆಲು ಮುಚ್ಚಿ ವರ್ಷಗಳಾಗಿವೆ, ಅಲ್ಲೀಗ ಮೊಬೈಲ್ ಅಂಗಡಿ. ಎಂಬತ್ತು ದಾಟಿದ ಮೇಷ್ಟ್ರು ಜಗಲಿ ಮೇಲೆ ಕೂತಿದ್ದರು. ಪಕ್ಕದಲ್ಲಿ ಪೇಪರ್ ಇತ್ತು, ಮಡಚಿದ್ದು ಮಡಚಿದ ಹಾಗೇ. "ಓದಲಿಲ್ವಾ ಮೇಷ್ಟ್ರೆ?" ಅಂದೆ.

"ಸುದ್ದಿ ಓದ್ದೆ. ನಡುಪುಟ ಬಿಟ್ಟುಬಿಟ್ಟೀನಿ ಕಣಪ್ಪ," ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದ್ಲು ಅದು ಅವರ ಮಾತು ಅಂತ ನಾನೇ ಎಲ್ರಿಗೂ ಹೇಳ್ತಿದ್ದೆ. ಈಗ ಅದು ನನ್ ಮೇಲಿನ್ ಮಾತು ಆಗದೆ. ನಾನೇ ಜೋರಾಗಿ ಓದ್ಲಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕಟಿಂಗ್ ಫಾರ್ವರ್ಡ್ ಮಾಡಿದ್ದು ನನ್ನ ಸ್ವಂತ ಚಿಕ್ಕಪ್ಪ. ಮೇಷ್ಟ್ರ ಹತ್ತಿರ ಮಗ್ಗಿ ಕಲಿತೋರು.

ಅವತ್ತಿಂದ ನಾನು ಎರಡು ಕೆಲಸ ಮಾಡ್ತಿದ್ದೇನೆ. ಒಂದು, ಇತಿಹಾಸದ ಬಗ್ಗೆ ಏನೇ ಬರೆದರೂ ಎಲ್ಲಿಂದ ತಿಳೀತು ಅನ್ನೋದನ್ನ ಬರಹದೊಳಗೇ ಹೇಳೋದು, ಗೊತ್ತಿಲ್ಲದ್ದನ್ನ ಬರೆಯದೇ ಇರೋದು. ಇದರಿಂದ ನನ್ನ ಬರಹಗಳು ಕಮ್ಮಿಯಾಗಿವೆ, ಲೈಕುಗಳು ಇನ್ನೂ ಕಮ್ಮಿ. ಎರಡು, ಫ್ಯಾಮಿಲಿ ಗ್ರೂಪಿನಲ್ಲಿ ಯಾವ ಅಂಕಣದ ಕಟಿಂಗ್ ಬಂದರೂ ಒಂದೇ ಪ್ರಶ್ನೆ ಹಾಕೋದು: "ಇದು ಎಲ್ಲಿಂದ ಬಂತು?" ನನ್ನ ಪಕ್ಷದ ಪರ ಇದ್ದರೂ ಅಷ್ಟೇ, ವಿರುದ್ಧ ಇದ್ದರೂ ಅಷ್ಟೇ. ಮೊದಮೊದಲು ಎಲ್ಲರಿಗೂ ಕಿರಿಕಿರಿ ಆಯ್ತು. ಇಬ್ಬರು ಗ್ರೂಪ್ ಬಿಟ್ಟರು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ಜಗಲಿ ಮೇಲೆ ಪೇಪರ್ ಓದ್ತಾ ಕೂತಿದ್ದರು. ನಡುಪುಟದ ಹತ್ತಿರ ನಿಂತು, ಕನ್ನಡಕ ಏರಿಸಿ, ನನ್ನನ್ನ ಕರೆದರು. "ಲೋ, ಇಲ್ನೋಡು. ಬೋ ಚೆಂದಾಗ್ ಬರ್ದವ್ನೆ. ಆದ್ರೆ ಎಲ್ಲಿಂದ ತಗಂಡ ಅಂತ ಬರ್ದೇ ಇಲ್ವಲ್ಲಲಾ?"

ನಾನು ಪೇಪರ್ ತಗೊಂಡು ಮೇಷ್ಟ್ರ ಮನೆ ಕಡೆ ಹೊರಟೆ. ಅಪ್ಪನೂ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬಂದರು.